ಪರದೆಯ ಮೇಲೆ ಕುಂಕುಮ ಯಾಕೆ ಕಪ್ಪು?

ಕಳೆದ ಸಂಚಿಕೆಯಲ್ಲಿ ಕಪ್ಪು ಬಿಳುಪು ಸಿನಿಮಾಗಳ ಬಗ್ಗೆ ನಾಲ್ಕು ಸಾಲು ಬರೆದು, ಪ್ರಶ್ನೆ ಇದ್ದರೆ ಕಳಿಸಿ ಎಂದಿದ್ದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಿನಿಮಾ ಮಾಡಿದವಳಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮ ತಂದೆ ಫೋಟೋ ಸ್ಟುಡಿಯೋ ಇಟ್ಟಿದ್ದರು. ನೆಗೆಟಿವ್ ತಿದ್ದುವುದು, ಪ್ರಿಂಟಿಗೆ ಕೈಯಲ್ಲಿ ಬಣ್ಣ ಹಾಕುವುದು ನನ್ನ ಕೆಲಸ. ಸಂಜೆಯಾದರೆ ಟಾಕೀಸು. ಕಪ್ಪು ಬಿಳುಪಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಈ ಎರಡು ಕತ್ತಲೆ ಕೋಣೆಗಳಲ್ಲಿ ಕಲಿತದ್ದು, ಆಮೇಲೆ ಓದಿ ತಿಳಿದುಕೊಂಡದ್ದು.

ಪ್ರಶ್ನೆ: ಮೇಡಂ, ನಾನು ಬಿ.ಎ. ಓದುತ್ತಿದ್ದೇನೆ. ಸಿನಿಮಾದಲ್ಲಿ ಬಿಳಿ ಎಂದರೆ ಒಳ್ಳೆಯದು, ಶುದ್ಧ, ಜ್ಞಾನ. ಕಪ್ಪು ಎಂದರೆ ಕೆಟ್ಟದ್ದು, ಸಾವು, ಅಜ್ಞಾನ ಎಂದು ನಮಗೆ ನೋಟ್ಸ್ ಕೊಟ್ಟಿದ್ದಾರೆ. ಇದಕ್ಕೆ ನಾಲ್ಕು ಉದಾಹರಣೆ ಕೊಡ್ತೀರಾ? ಪರೀಕ್ಷೆಗೆ ಬೇಕು.
— ಸಕಲೇಶಪುರದ ವಿದ್ಯಾರ್ಥಿನಿ

ಉದಾಹರಣೆ ಕೊಡ್ತೀನಮ್ಮ. ಆದರೆ ಆ ನೋಟ್ಸನ್ನು ಅಲ್ಲಾಡಿಸುವ ಉದಾಹರಣೆಗಳನ್ನೂ ಕೊಡುತ್ತೇನೆ. ಎರಡನ್ನೂ ಪರೀಕ್ಷೆಯಲ್ಲಿ ಬರಿ.

ನಿನ್ನ ನೋಟ್ಸಿನಲ್ಲಿರುವುದು ಪೂರ್ತಿ ಸುಳ್ಳಲ್ಲ. ಅಮೆರಿಕದ ಕೌಬಾಯ್ ಚಿತ್ರಗಳಲ್ಲಿ ಒಳ್ಳೆಯವನಿಗೆ ಬಿಳಿ ಟೋಪಿ, ಕೆಟ್ಟವನಿಗೆ ಕಪ್ಪು ಟೋಪಿ ಹಾಕುವ ರೂಢಿ ಇತ್ತು. ಎಲ್ಲ ಚಿತ್ರಗಳಲ್ಲೂ ಹಾಗಿರಲಿಲ್ಲ, ಆದರೂ ಜನರ ತಲೆಯಲ್ಲಿ ಉಳಿದದ್ದು ಅದೇ. ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ 'ಸೈಕೋ' ತೆಗೆದಾಗ ಇದನ್ನೇ ಜಾಣತನದಿಂದ ಬಳಸಿಕೊಂಡರು. ನಾಯಕಿ ಹಣ ಕದಿಯುವ ಮೊದಲು ಅವಳ ಕೈಚೀಲ ಬಿಳಿ. ಕದ್ದು ಹೊರಟಾಗ ಕೈಯಲ್ಲಿರುವುದು ಕಪ್ಪು ಚೀಲ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಕಣ್ಣು ಗಮನಿಸಿರುತ್ತದೆ, ಅಷ್ಟೆ.

ಈಗ ಎದುರು ಉದಾಹರಣೆ. ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ 1929ರಲ್ಲಿ ಹಳ್ಳಿಯ ರೈತರ ಬಗ್ಗೆ ಒಂದು ಚಿತ್ರ ಮಾಡಿದರು. ಅದರಲ್ಲಿ ಕಪ್ಪು ಎಂದರೆ ಹಳೆಯದು, ಕೊಳೆತದ್ದು. ಬಿಳಿ ಎಂದರೆ ಹೊಸ ಬದುಕು, ಸಂತೋಷ. ಅದೇ ಮನುಷ್ಯ 1938ರಲ್ಲಿ 'ಅಲೆಕ್ಸಾಂಡರ್ ನೆವ್‌ಸ್ಕಿ' ಮಾಡಿದಾಗ ಎಲ್ಲವನ್ನೂ ತಿರುಗಿಸಿಬಿಟ್ಟರು. ರಷ್ಯಾದ ಮೇಲೆ ದಂಡೆತ್ತಿ ಬರುವ ಜರ್ಮನ್ ಸೈನಿಕರಿಗೆ ಅಪ್ಪಟ ಬಿಳಿ ನಿಲುವಂಗಿ. ಮಕ್ಕಳನ್ನು ಬೆಂಕಿಗೆ ಎಸೆಯುವವರು ಅವರೇ. ಊರು ಕಾಪಾಡುವ ರಷ್ಯನ್ನರು ಕಪ್ಪು ಬಟ್ಟೆಯವರು. ಹೆಪ್ಪುಗಟ್ಟಿದ ಕೆರೆಯ ಮೇಲೆ ಆ ಬಿಳಿ ಸಾಲು ದೂರದಿಂದ ಬರುತ್ತಾ ದೊಡ್ಡದಾಗುವುದನ್ನು ನೋಡಿದರೆ ಬಿಳಿ ಬಣ್ಣಕ್ಕೇ ಹೆದರಿಕೆ ಹುಟ್ಟುತ್ತದೆ. (ಆ ಹಿಮದ ಯುದ್ಧವನ್ನು ಚಿತ್ರೀಕರಿಸಿದ್ದು ಕಡು ಬೇಸಿಗೆಯಲ್ಲಿ. ಹಿಮವೆಲ್ಲ ನಕಲಿ. ಇದನ್ನು ಕೇಳಿದ ಮೇಲೂ ಆ ದೃಶ್ಯದ ಚಳಿ ಕಡಿಮೆಯಾಗುವುದಿಲ್ಲ.)

ಐಸೆನ್‌ಸ್ಟೈನ್ ಇದರ ಬಗ್ಗೆ ಬರೆದೂ ಇದ್ದಾರೆ. ಬಣ್ಣಕ್ಕೆ ಎಲ್ಲ ಕಾಲಕ್ಕೂ ಒಂದೇ ಅರ್ಥ ಇರುವುದಿಲ್ಲ, ಆಯಾ ಚಿತ್ರದೊಳಗೇ ಅದು ಹುಟ್ಟುತ್ತದೆ ಎನ್ನುವುದು ಅವರ ವಾದ. ನನ್ನ ನಂಬಿಕೆಯೂ ಅದೇ. ಒಂದು ಚಿತ್ರ ಶುರುವಾದ ಮೊದಲ ಹತ್ತು ನಿಮಿಷ ನೋಡು. ಬಿಳಿಯನ್ನು ಯಾರ ಮೈಮೇಲೆ, ಯಾವ ಗೋಡೆಯ ಮೇಲೆ, ಯಾವ ಹೊತ್ತಿನಲ್ಲಿ ಇಡುತ್ತಾರೆ? ಆಮೇಲೆ ಅದನ್ನು ಎಲ್ಲಿ ಮುರಿಯುತ್ತಾರೆ? ನೋಟ್ಸಿಗಿಂತ ಇದು ಜಾಸ್ತಿ ಹೇಳುತ್ತದೆ.

ಇನ್ನು ಅಷ್ಟು ದೂರ ಯಾಕೆ ಹೋಗಬೇಕು? ನಿನ್ನ ಅಮ್ಮನ ಕೊರಳಲ್ಲಿ ಕರಿಮಣಿ ಇದೆ. ಮಗುವಿಗೆ ದೃಷ್ಟಿ ತಾಗಬಾರದು ಅಂತ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೇವೆ. ನಮ್ಮ ಕೃಷ್ಣ ಕಪ್ಪು. ಬೇಲೂರಿನ ಗರ್ಭಗುಡಿಯಲ್ಲಿ ಚೆನ್ನಕೇಶವ ಕರಿಕಲ್ಲಿನಲ್ಲೇ ನಿಂತಿದ್ದಾನೆ. ಕಪ್ಪೆಂದರೆ ಕೆಟ್ಟದ್ದು ಎಂದು ನಮ್ಮ ಮನೆಗಳು ಯಾವತ್ತೂ ಪೂರ್ತಿ ಒಪ್ಪಿಲ್ಲ. ಇದನ್ನೂ ಬರಿ. ಅಂಕ ಕಡಿಮೆ ಬಂದರೆ ನನಗೆ ಪತ್ರ ಹಾಕು, ಮುಂದಿನ ಸಂಚಿಕೆಯಲ್ಲಿ ಇದನ್ನೇ ಇನ್ನಷ್ಟು ಉದ್ದ ಬರೆಯುತ್ತೇನೆ.

ಪ್ರಶ್ನೆ: ಹಳೇ ಸಿನಿಮಾಗಳಲ್ಲಿ ನಾಯಕಿಯ ಕುಂಕುಮ ಕಪ್ಪಗೆ ಕಾಣುತ್ತದೆ. ಬೇಕೆಂದೇ ಕಪ್ಪು ಬೊಟ್ಟು ಇಡುತ್ತಿದ್ದರಾ? ಅದಕ್ಕೂ ಏನಾದರೂ ಅರ್ಥ ಇದೆಯಾ?
— ಅರಸೀಕೆರೆಯ ಗೃಹಿಣಿ

ಬಹಳ ಒಳ್ಳೆಯ ಪ್ರಶ್ನೆ. ಅರ್ಥ ಹುಡುಕುವ ಮೊದಲು ಫಿಲ್ಮಿನ ಸ್ವಭಾವ ತಿಳಿದಿರಬೇಕು. ಇಲ್ಲದಿದ್ದರೆ ಇಲ್ಲದ ಸಂಕೇತಗಳನ್ನೆಲ್ಲ ನಾವೇ ಹುಟ್ಟಿಸುತ್ತೇವೆ.

ಮೂಕಿ ಚಿತ್ರಗಳ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಏನಿದ್ದರೂ ಪರದೆಯಲ್ಲಿ ಕಪ್ಪು. ತುಟಿಗೆ ಕೆಂಪು ಹಚ್ಚಿದರೆ ಬಾಯಿ ಕಪ್ಪು ಗುಳಿಯ ಹಾಗೆ ಕಾಣುತ್ತಿತ್ತು. ನೀಲಿ ಮಾತ್ರ ಬೆಳ್ಳಗಾಗುತ್ತಿತ್ತು, ಆಕಾಶದಲ್ಲಿ ಮೋಡವೇ ಕಾಣುತ್ತಿರಲಿಲ್ಲ. 1920ರ ದಶಕ ಮುಗಿಯುವ ಹೊತ್ತಿಗೆ ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದಿತ್ತು. ನಮ್ಮ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ, ಅದರ ನಂತರ. ಆದರೆ ಹೊಸ ಫಿಲ್ಮಿನಲ್ಲೂ ಕಡುಗೆಂಪು ಗಾಢವಾಗಿಯೇ ಬರುತ್ತದೆ. ಯಾಕೆಂದರೆ ಅದು ವಾಪಸ್ ಕಳಿಸುವ ಬೆಳಕೇ ಕಡಿಮೆ. ಹಣೆಯ ತಿಳಿ ಬಣ್ಣದ ಮೇಲೆ ಕುಂಕುಮ ಕಪ್ಪು ಚುಕ್ಕೆಯಾಗುವುದು ಹೀಗೆ. ಅದರಲ್ಲಿ ಗುಟ್ಟು ಏನೂ ಇಲ್ಲ.

ಕೆಂಪು ಸೀರೆ, ಹಸಿರು ಸೀರೆ ಅಕ್ಕಪಕ್ಕ ನಿಂತರೆ ಎರಡೂ ಒಂದೇ ಬೂದು ಆಗಿಬಿಡಬಹುದು. ಹಾಗಾಗಿ ಆ ಕಾಲದ ಛಾಯಾಗ್ರಾಹಕರು ಬಟ್ಟೆಯ ಬಣ್ಣ ನೋಡುತ್ತಿರಲಿಲ್ಲ, ಅದರ ತೂಕ, ಅಂದರೆ ಬೂದು ಬಣ್ಣದಲ್ಲಿ ಅದು ಎಷ್ಟು ತಿಳಿ, ಎಷ್ಟು ಗಾಢ ಎಂದು ನೋಡುತ್ತಿದ್ದರು. ಅಪ್ಪಟ ಬಿಳಿ ಅಂಗಿ ದೀಪದ ಕೆಳಗೆ ಅತಿಯಾಗಿ ಹೊಳೆದು ಮುಖವನ್ನೇ ನುಂಗುತ್ತದೆ. ಅದಕ್ಕೇ ಬಿಳಿ ಬಟ್ಟೆಯನ್ನು ಚಹಾ ನೀರಿನಲ್ಲಿ ಅದ್ದಿ ಸ್ವಲ್ಪ ಮಾಸಿಸುತ್ತಿದ್ದರು. ನೀವು ಹಾಲಿನಂಥ ಬಿಳಿ ಎಂದುಕೊಂಡು ನೋಡಿದ ಎಷ್ಟೋ ಪಂಚೆ, ಸೀರೆಗಳು ನಿಜವಾಗಿ ಕೆನೆ ಬಣ್ಣದವು ಆಗಿದ್ದಿರಬಹುದು. 'ಸೈಕೋ'ದಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಪರದೆಯಲ್ಲಿ ನಿಜವಾದ ರಕ್ತಕ್ಕಿಂತ ಅದೇ ರಕ್ತದಂತೆ ಕಾಣುತ್ತಿತ್ತು.

ಈಗ ಅರ್ಥದ ವಿಷಯಕ್ಕೆ ಬರುತ್ತೇನೆ. ಇದು ನನ್ನ ಮನಸ್ಸಿಗೆ ಹತ್ತಿರವಾದದ್ದು. ವಿಧವೆ ಎಂದರೆ ಬಿಳಿ ಸೀರೆ ಎಂದು ಸಿನಿಮಾ ನಮಗೆ ಕಲಿಸಿದೆ. ಆದರೆ ನಮ್ಮ ಕಡೆ ಹಳೆಯ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ಮಡಿ ಹೆಂಗಸರು ಉಡುತ್ತಿದ್ದುದು ಕೆಂಪು ಸೀರೆ. ಮಂಕು ಕೆಂಪು, ತಲೆಯ ಮೇಲೆ ಅದೇ ಸೆರಗು. ಅಂಥ ಅಜ್ಜಿಯರನ್ನು ನಾನು ಅಗ್ರಹಾರದ ಜಗಲಿಗಳಲ್ಲಿ ನೋಡಿದ್ದೇನೆ. ಸ್ಟುಡಿಯೋಗೂ ಒಮ್ಮೊಮ್ಮೆ ಮೊಮ್ಮಕ್ಕಳು ಕರೆದುಕೊಂಡು ಬರುತ್ತಿದ್ದರು. ಪ್ರಿಂಟ್ ತೊಳೆದಾಗ ಆ ಸೀರೆ ಹೆಚ್ಚು ಕಡಿಮೆ ಕಪ್ಪಾಗಿಯೇ ಬರುತ್ತಿತ್ತು. ಮದುವೆ ಹೆಣ್ಣಿನ ಕೆಂಪು ಧಾರೆ ಸೀರೆಯೂ ಕಪ್ಪಾಗಿಯೇ ಬರುತ್ತಿತ್ತು. ಒಂದೇ ಡ್ರೈಯರಿನಲ್ಲಿ ಎರಡೂ ಪ್ರಿಂಟ್ ಒಣಗುತ್ತಿದ್ದವು. ಒಬ್ಬರಿಗೆ ಎಲ್ಲ ಸಿಕ್ಕ ದಿನದ ಬಟ್ಟೆ, ಇನ್ನೊಬ್ಬರಿಗೆ ಎಲ್ಲ ಕಿತ್ತುಕೊಂಡ ಮೇಲಿನ ಬಟ್ಟೆ. ಫಿಲ್ಮಿಗೆ ಎರಡೂ ಒಂದೇ.

ಹಾಗಾಗಿ ಕಪ್ಪು ಬಿಳುಪು ಚಿತ್ರದಲ್ಲಿ ವಿಧವೆಯನ್ನು ನೋಡುವಾಗ ಸೀರೆ ಬಿಳಿಯೋ ಕಪ್ಪೋ ಅಂತ ಮಾತ್ರ ನೋಡಬೇಡಿ. ಅವಳನ್ನು ಮನೆಯ ಯಾವ ಜಾಗದಲ್ಲಿ ಕೂರಿಸಿದ್ದಾರೆ, ಬೆಳಕು ಅವಳ ಹತ್ತಿರ ಬರುತ್ತದೆಯೋ ಇಲ್ಲವೋ ನೋಡಿ. ನಿರ್ದೇಶಕರ ಮನಸ್ಸು ಅಲ್ಲಿರುತ್ತದೆ.

ಪ್ರಶ್ನೆ: ಕನ್ನಡದ ಮೊದಲ ಕಲರ್ ಸಿನಿಮಾ ನಮ್ಮ ಬೇಲೂರಿನ ಕಥೆಯಂತೆ, ನಿಜವಾ?
— ಬೇಲೂರಿನ ಹೈಸ್ಕೂಲ್ ಹುಡುಗ

ನಿಜ ಕಣಪ್ಪ. 1964ರ 'ಅಮರಶಿಲ್ಪಿ ಜಕಣಾಚಾರಿ'. ಬಿ.ಎಸ್. ರಂಗಾ ಅವರ ನಿರ್ದೇಶನ, ಕಲ್ಯಾಣಕುಮಾರ್ ಜಕಣಾಚಾರಿ. ಕಪ್ಪೆ ಚೆನ್ನಿಗರಾಯನ ಕಥೆ ನಿನಗೆ ಗೊತ್ತೇ ಇರುತ್ತದೆ. ಅದು ಐತಿಹ್ಯ, ಇತಿಹಾಸ ಪರೀಕ್ಷೆಯಲ್ಲಿ ಬರೆಯಬೇಡ.

ಪ್ರಶ್ನೆ: 'ಸಂಸ್ಕಾರ' ನಮ್ಮ ಶೃಂಗೇರಿ ಹತ್ತಿರ ತೆಗೆದ ಚಿತ್ರ. ಇಷ್ಟು ಹಸಿರು ಇರುವ ಊರಿಗೆ ಬಂದು ಕಪ್ಪು ಬಿಳುಪಿನಲ್ಲಿ ತೆಗೆದು ಹೋಗಿದ್ದಾರಲ್ಲ, ನನಗೆ ಬೇಜಾರು. ದುಡ್ಡಿಲ್ಲದೆ ಮಾಡಿದ್ದನ್ನು ಈಗ ಎಲ್ಲರೂ ಸಂಕೇತ, ಸಂಕೇತ ಅಂತ ಹೊಗಳುತ್ತಾರೆ.
— ಕೊಪ್ಪದ ಅಡಿಕೆ ಬೆಳೆಗಾರರು

ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ, ಅದನ್ನು ಮೊದಲು ಒಪ್ಪುತ್ತೇನೆ. ಆಗ ಕಲರ್ ಫಿಲ್ಮ್ ಹೊರದೇಶದಿಂದ ಬರಬೇಕಿತ್ತು. ವಿದೇಶಿ ವಿನಿಮಯದ ಕಷ್ಟದ ದಿನಗಳು. ಲೈಸೆನ್ಸ್ ಬೇಕು, ಹಣ ಬೇಕು. ಸಣ್ಣ ಹಣದಲ್ಲಿ ಮಾಡುವವರಿಗೆ ಕಪ್ಪು ಬಿಳುಪೇ ಗತಿ. ಮೊದಲ ಕಲರ್ ಚಿತ್ರ ಬಂದು ಹತ್ತು ವರ್ಷ ಕಳೆದ ಮೇಲೂ ಕನ್ನಡದಲ್ಲಿ ಕಪ್ಪು ಬಿಳುಪು ಚಿತ್ರಗಳು ಬರುತ್ತಲೇ ಇದ್ದುದಕ್ಕೆ ಮುಖ್ಯ ಕಾರಣ ಇದೇ.

ಆದರೆ ಗತಿಯಿಲ್ಲದೆ ತೆಗೆದುಕೊಂಡದ್ದನ್ನು ಹೇಗೆ ಬಳಸಿದರು ಎಂದು ಕೇಳಬೇಕು, ಅಲ್ವಾ? 1970ರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿ ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದರು. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ನಮ್ಮ ಮಲೆನಾಡನ್ನು ಪೋಸ್ಟ್‌ಕಾರ್ಡ್ ಮಾಡಬೇಕೆಂಬ ಆಸೆ ಹೊರಗಿನಿಂದ ಬಂದ ಕಣ್ಣಿಗೆ ಸುಲಭವಾಗಿ ಹುಟ್ಟಬಹುದಿತ್ತು. ಹಸಿರು ಇಲ್ಲದ್ದರಿಂದ ಆ ಆಸೆಗೆ ಜಾಗವೇ ಉಳಿಯಲಿಲ್ಲ.

ಕಥೆ ನೆನಪಿಸಿಕೊಳ್ಳಿ. ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪನ ಹೆಣ ಬಿದ್ದಿದೆ. ಸುಡುವವರಿಲ್ಲ. ಹೆಣ ಎತ್ತುವವರೆಗೆ ಯಾರೂ ಊಟ ಮಾಡುವಂತಿಲ್ಲ. ಇಲಿಗಳು ಸಾಯುತ್ತಿವೆ, ಆಕಾಶದಲ್ಲಿ ಹದ್ದುಗಳು. ಈ ಕಥೆಯ ಹಿಂದೆ ಮಳೆ ತೊಳೆದ ಅಡಿಕೆ ತೋಟ ಹಸಿರಾಗಿ ನಗುತ್ತಿದ್ದರೆ ನಮ್ಮ ಕಣ್ಣು ಅಲ್ಲೇ ಹೋಗಿ ಕೂರುತ್ತಿತ್ತು. ಬಣ್ಣ ತೆಗೆದ ಮೇಲೆ ಉಳಿಯುವುದು ಅಂಗಳದ ಬಿಸಿಲು, ಒಳಮನೆಯ ಕತ್ತಲು, ನಡುವೆ ಒಂದು ಹೊಸಿಲು. ಸಂಸ್ಕಾರ ಯಾರು ಮಾಡಬೇಕೆಂದು ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರ ಪ್ರಶ್ನೆಯೂ ಆ ಹೊಸಿಲಿನ ಮೇಲೇ ನಿಂತಿರುವುದು.

ಇಲ್ಲಿ ಯಾರನ್ನು ಬಿಳಿ ಎನ್ನುತ್ತೀರಿ, ಯಾರನ್ನು ಕಪ್ಪು ಎನ್ನುತ್ತೀರಿ? ಮಡಿ ಪಂಚೆ ಉಟ್ಟವರು ಚಿನ್ನದ ಆಸೆಗೆ ಬೀಳುತ್ತಾರೆ. ಎಲ್ಲರೂ ಹೊರಗಿಟ್ಟ, ನಾರಣಪ್ಪನ ಜೊತೆ ಬಾಳಿದ ಚಂದ್ರಿ ಹೆಣಕ್ಕೆ ಗೌರವ ಕೊಡುತ್ತಾಳೆ. ಒಳ್ಳೆಯವರು, ಕೆಟ್ಟವರು ಎಂಬ ಗೆರೆ ಅಳಿಸುತ್ತಾ ಹೋಗುತ್ತದೆ. ಮಲೆನಾಡಿನ ಮೋಡದ ಬೆಳಕು ಬೂದು ಬಣ್ಣದ್ದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಚಿತ್ರದ ಜೀವ ಇರುವುದು ಆ ಬೂದು ಬಣ್ಣದಲ್ಲಿ.

'ಘಟಶ್ರಾದ್ಧ' ನೋಡಿದ್ದೀರಾ? 1977, ಗಿರೀಶ್ ಕಾಸರವಳ್ಳಿ ಅವರ ಮೊದಲ ಚಿತ್ರ, ಎಸ್. ರಾಮಚಂದ್ರ ಅವರ ಕ್ಯಾಮೆರಾ. ಅಷ್ಟು ಹೊತ್ತಿಗೆ ಕಲರ್ ಎಲ್ಲೆಡೆ ಬಂದಿತ್ತು. ವಿಧವೆ ಯಮುನಕ್ಕನನ್ನು ಜೀವ ಇರುವಾಗಲೇ ಸತ್ತಳೆಂದು ಘಟಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಕೊನೆಗೆ ಬೋಳು ತಲೆಯಲ್ಲಿ ಮರದ ಕೆಳಗೆ ಕೂತ ಅವಳನ್ನು ಪುಟ್ಟ ನಾಣಿ ನೋಡುತ್ತಾನೆ. ಆ ದೃಶ್ಯದಲ್ಲಿ ಬಣ್ಣವಿದ್ದಿದ್ದರೆ ಎಂದು ಯೋಚಿಸಲೂ ನನಗೆ ಆಗುವುದಿಲ್ಲ. ಈ ಚಿತ್ರದ ಪ್ರತಿಯನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಗೆರೆ, ಕಲೆ ತೆಗೆದು ಶುದ್ಧ ಮಾಡಿದರು. ಬಣ್ಣ ಬಳಿಯಲಿಲ್ಲ. ಆ ಸುದ್ದಿ ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ನಿಮ್ಮ ಬೇಜಾರು ಕಳೆಯಬೇಕೆಂದರೆ 1967ರ 'ಬೆಳ್ಳಿಮೋಡ' ನೋಡಿ. ಪುಟ್ಟಣ್ಣ ಕಣಗಾಲರು ನಿಮ್ಮ ಚಿಕ್ಕಮಗಳೂರು ಸೀಮೆಯ ಬೆಟ್ಟ, ತೋಟಗಳನ್ನು ಕಪ್ಪು ಬಿಳುಪಿನಲ್ಲೇ ತೋರಿಸಿದ್ದಾರೆ. ಬೇಂದ್ರೆಯವರ 'ಬೆಳಗು' ಪದ್ಯ ಅದರಲ್ಲಿ ಹಾಡಾಗಿದೆ. ಒಂದು ಚೂರೂ ಕೆಂಪು ಇಲ್ಲದೆ ಸೂರ್ಯ ಹುಟ್ಟುತ್ತಾನೆ. ನನಗಂತೂ ಕಡಿಮೆ ಎನಿಸಿಲ್ಲ.

ಪ್ರಶ್ನೆ: ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ವಾರ್ಷಿಕೋತ್ಸವದ ನಾಟಕದಲ್ಲಿ ರಾಜಕುಮಾರಿ ಪಾತ್ರಕ್ಕೆ ಚೆನ್ನಾಗಿ ಮಾತಾಡುವ ಒಬ್ಬ ಹುಡುಗಿಯನ್ನು ಆರಿಸಿದೆ. ಉಳಿದವರು "ಅವಳು ಕಪ್ಪಗಿದ್ದಾಳೆ, ರಾಕ್ಷಸಿ ಪಾತ್ರ ಕೊಡಿ" ಎಂದರು. ಮಕ್ಕಳೂ ಅದನ್ನೇ ಹೇಳಿದವು. ಇದು ಸಿನಿಮಾ ನೋಡಿ ಬಂದದ್ದಾ?
— ಕಡೂರಿನ ಶಿಕ್ಷಕಿ

ಸಿನಿಮಾದಿಂದ ಮಾತ್ರ ಬಂದದ್ದಲ್ಲ ಮೇಡಂ. ಆದರೆ ಸಿನಿಮಾ ಅದಕ್ಕೆ ಬಹಳ ಗೊಬ್ಬರ ಹಾಕಿದೆ. ಸಕಲೇಶಪುರದ ಹುಡುಗಿಗೆ ಕೊಟ್ಟ ನೋಟ್ಸನ್ನು ನಾನು ಅಷ್ಟು ವಿರೋಧಿಸಿದ್ದು ಇದೇ ಕಾರಣಕ್ಕೆ. ಬಿಳಿ ಒಳ್ಳೆಯದು, ಕಪ್ಪು ಕೆಟ್ಟದ್ದು ಎಂಬುದು ಟೋಪಿ, ಕೈಚೀಲದಲ್ಲಿ ನಿಲ್ಲುವುದಿಲ್ಲ. ಅದು ಮನುಷ್ಯರ ಚರ್ಮದ ಮೇಲೆ ಬಂದು ಕೂರುತ್ತದೆ. ರಾಕ್ಷಸ ಪಾತ್ರಧಾರಿಯ ಮುಖಕ್ಕೆ ಮಸಿ ಬಳಿದು, ನಾಯಕಿಯ ಮುಖಕ್ಕೆ ಎಲ್ಲರಿಗಿಂತ ಜಾಸ್ತಿ ದೀಪ ಕೊಟ್ಟು ಎಷ್ಟು ಚಿತ್ರಗಳು ಬಂದಿಲ್ಲ!

ನಮ್ಮ ಸ್ಟುಡಿಯೋದಲ್ಲಿ ವರನ ಕಡೆಗೆ ಕಳಿಸುವ ಫೋಟೋ ತೆಗೆಸಲು ಹೆಣ್ಣುಮಕ್ಕಳು ಬರುತ್ತಿದ್ದರು. ಜೊತೆಗೆ ಬಂದ ಹಿರಿಯರು ನನ್ನ ಹತ್ತಿರ ಬಂದು ಮೆಲ್ಲಗೆ, "ಸ್ವಲ್ಪ ಬೆಳ್ಳಗೆ ಮಾಡಿಕೊಡಮ್ಮ" ಎನ್ನುತ್ತಿದ್ದರು. ಹುಡುಗಿಗೆ ಕೇಳಿಸುತ್ತಿತ್ತು. ಅವಳು ಗೋಡೆ ನೋಡುತ್ತಾ ನಿಂತಿರುತ್ತಿದ್ದಳು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು ಇರುತ್ತದೆ. ಕಪ್ಪು ಮುಖ ಅಲ್ಲಿ ತಿಳಿಯಾಗಿ, ಪಾರದರ್ಶಕವಾಗಿ ಕಾಣುತ್ತದೆ. ಅದರ ಮೇಲೆ ಸಣ್ಣ ಪೆನ್ಸಿಲಿನಲ್ಲಿ ಗೀಚುತ್ತಾ ಹೋದಷ್ಟೂ ಪ್ರಿಂಟಿನಲ್ಲಿ ಮುಖ ಬಿಳಿಯಾಗುತ್ತದೆ. ಗೀಚಿದಷ್ಟೂ ಆ ಮುಖದ ನೆರಳು ಹೋಗುತ್ತಿತ್ತು, ನೆರಳಿನ ಜೊತೆ ಕೆನ್ನೆಯ ಆಕಾರ, ಗಲ್ಲದ ದೃಢತೆ ಎಲ್ಲ ಹೋಗುತ್ತಿತ್ತು. ಕೊನೆಗೆ ಉಳಿಯುತ್ತಿದ್ದುದು ಚಪ್ಪಟೆ ಮುಖ. ಅವಳ ಮುಖವೇ ಅಲ್ಲ. ಆಮೇಲೆ ನಮ್ಮ ತಂದೆ ಒಂದು ದಾರಿ ಹುಡುಕಿದರು. ತಿದ್ದುವುದು ಬಿಟ್ಟು ದೀಪವನ್ನೇ ಪಕ್ಕಕ್ಕೆ ಸರಿಸಿದರು. ಪಕ್ಕದ ಬೆಳಕಿನಲ್ಲಿ ಕಪ್ಪು ಚರ್ಮ ಮಿನುಗುತ್ತದೆ. ಹೊಯ್ಸಳರ ಕಂಬಗಳ ಹೊಳಪು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಅಂಥ ಫೋಟೋ ನೋಡಿ ಎಷ್ಟೋ ಮನೆಯವರು ತಿದ್ದುವ ಮಾತೇ ಎತ್ತುತ್ತಿರಲಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಕಲರ್ ಪ್ರಿಂಟುಗಳ ಬಣ್ಣ ಸರಿಯಿದೆಯಾ ಎಂದು ನೋಡಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. ಅವಳ ಚರ್ಮ ಸರಿಯಾಗಿ ಬಂದರೆ ಸರಿ. ಕಪ್ಪು ಜನರ ಮುಖ ಮಸಿಯಾಗುತ್ತಿತ್ತು. ಕಂದು ಬಣ್ಣದ ವಿವರ ಚೆನ್ನಾಗಿ ಬರಬೇಕೆಂದು ಕಂಪನಿಯ ಮೇಲೆ ಒತ್ತಡ ಬಂದದ್ದು ಚಾಕೊಲೇಟ್ ಮಾರುವವರಿಂದ, ಮರದ ಪೀಠೋಪಕರಣ ಮಾರುವವರಿಂದ. ಇದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ.

ನಿಮ್ಮ ರಾಜಕುಮಾರಿಯನ್ನು ಬದಲಿಸಬೇಡಿ ಮೇಡಂ. ಅವಳಿಗೆ ಪೌಡರ್ ಬಳಿಯಲು ಯಾರಿಗೂ ಬಿಡಬೇಡಿ. ವೇದಿಕೆಯ ದೀಪ ಎದುರಿನಿಂದ ಬೇಡ, ಸ್ವಲ್ಪ ಪಕ್ಕದಿಂದ ಬೀಳಲಿ. ಹಿಂದಿನ ಪರದೆ ಕಡು ಬಣ್ಣದ್ದಾಗಿದ್ದರೆ ಬದಲಿಸಿ, ತಿಳಿ ಬಣ್ಣದ್ದು ಕಟ್ಟಿ. ರಾಕ್ಷಸಿಗೆ ಬೇಕಾದರೆ ಬಿಳಿ ಸೀರೆ ಉಡಿಸಿ, ಐಸೆನ್‌ಸ್ಟೈನ್ ನಿಮ್ಮ ಪರ ಇದ್ದಾರೆ.

ಪ್ರಶ್ನೆ: 'ಕಸ್ತೂರಿ ನಿವಾಸ'ವನ್ನು ಕಲರ್‌ನಲ್ಲಿ ನೋಡಿ ನಮ್ಮ ಮನೆಯವರೆಲ್ಲ ಖುಷಿಪಟ್ಟೆವು. ನೀವು ಬಣ್ಣ ಹಾಕುವುದು ತಪ್ಪು ಎಂದು ಬರೆದಿದ್ದಿರಿ. ಯಾಕೆ?
— ಚನ್ನರಾಯಪಟ್ಟಣದ ನಿವೃತ್ತ ನೌಕರರು

ನೀವು ಖುಷಿಪಟ್ಟದ್ದರಲ್ಲಿ ತಪ್ಪೇನೂ ಇಲ್ಲ ಸಾರ್. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ತುಂಬಿ ಬಿಡುಗಡೆ ಮಾಡಿದರು. ರಾಜ್‌ಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ನೋಡದೇ ಇದ್ದ ಹುಡುಗರು ಥಿಯೇಟರಿಗೆ ಬಂದರು. ಅದು ಒಳ್ಳೆಯದೇ.

ನನ್ನ ತಕರಾರು ಬೇರೆ. ನಾನು ಬಣ್ಣ ಹಾಕಿದವಳು. ಹತ್ತಿ ಸುತ್ತಿದ ಕಡ್ಡಿ, ಫೋಟೋ ಬಣ್ಣದ ಬಾಟಲಿ ಹಿಡಿದು ಕೂತಾಗ ಬೂದು ಸೀರೆ ನನಗೆ ಏನೂ ಹೇಳುತ್ತಿರಲಿಲ್ಲ. "ಸೀರೆ ಯಾವ ಬಣ್ಣದ್ದು?" ಎಂದು ಮನೆಯವರನ್ನೇ ಕೇಳಬೇಕಿತ್ತು. ಅವರಿಗೂ ನೆನಪಿಲ್ಲದಿದ್ದರೆ ನಾನೇ ಒಂದು ಬಣ್ಣ ಆರಿಸುತ್ತಿದ್ದೆ. ಮುಂದೆ ಆ ಮನೆಯವರಿಗೆ ಅದೇ ನಿಜವಾಗುತ್ತಿತ್ತು. ಮದುವೆ ಫೋಟೋಗೆ ಅದು ಪರವಾಗಿಲ್ಲ. ಆದರೆ ಸಿನಿಮಾದಲ್ಲಿ ಛಾಯಾಗ್ರಾಹಕ ಬಣ್ಣ ಮರೆತು ಬರೀ ಬೆಳಕನ್ನೇ ಜೋಡಿಸಿರುತ್ತಾನೆ. ಮೂಲೆಯನ್ನು ಕತ್ತಲಾಗಿಸಿ ಒಂದು ಮುಖವನ್ನು ಎತ್ತಿ ತೋರಿಸಿರುತ್ತಾನೆ. ಆ ಮೂಲೆಯಲ್ಲಿದ್ದ ಕುರ್ಚಿಗೆ ನೀವು ಕೆಂಪು ಬಳಿದರೆ ಕಣ್ಣು ಕುರ್ಚಿಗೆ ಹೋಗುತ್ತದೆ.

ಒಂದು ಕೆಲಸ ಮಾಡಿ. ಎರಡೂ ರೂಪಗಳಲ್ಲಿ ಒಂದೇ ದೃಶ್ಯ ನೋಡಿ. ರಾಜ್‌ಕುಮಾರ್ ಮುಖ ಎಲ್ಲಿ ಜಾಸ್ತಿ ಮಾತಾಡುತ್ತದೆ ಎಂದು ನೀವೇ ಹೇಳಿ. ನನಗೆ ಬೇಕಿರುವುದು ಇಷ್ಟೇ: ಬಣ್ಣದ್ದೂ ಇರಲಿ, ಮೂಲ ಪ್ರತಿಯೂ ಅಷ್ಟೇ ಚೆನ್ನಾಗಿ ಉಳಿಯಲಿ, ಟಿವಿಯಲ್ಲಿ ಅದನ್ನೂ ತೋರಿಸಲಿ.

ಪ್ರಶ್ನೆ: ಈಗಿನ ಸಿನಿಮಾಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಬಂದ ಕೂಡಲೇ ಕಪ್ಪು ಬಿಳುಪು ಮಾಡುತ್ತಾರೆ. ನೆನಪು ಕಪ್ಪು ಬಿಳುಪಾ?
— ತರೀಕೆರೆಯ ಓದುಗರು

ನನ್ನ ನೆನಪಿನಲ್ಲಿ ಅಜ್ಜಿಯ ಸೀರೆ ಕೆಂಪಾಗಿಯೇ ಇದೆ. ಹಳೆಯ ಫೋಟೋ ನೋಡಿ ಅಭ್ಯಾಸವಾದ್ದರಿಂದ ಹಳೆಯ ಕಾಲವೇ ಬಣ್ಣವಿಲ್ಲದ್ದು ಎಂದುಕೊಂಡಿದ್ದೇವೆ. ಸುಮ್ನೆ ಗುರುತಿಗೆ ಹಾಗೆ ಮಾಡುವುದು ನನಗೆ ಇಷ್ಟವಿಲ್ಲ. ಕಾರಣವಿದ್ದು ಮಾಡಿದ್ದು ಬೇರೆ. 1987ರಲ್ಲಿ ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್ ಬರ್ಲಿನ್ ನಗರದ ದೇವದೂತರ ಕಥೆ ಮಾಡಿದರು. ದೇವದೂತರ ಕಣ್ಣಿಗೆ ಲೋಕ ಕಪ್ಪು ಬಿಳುಪು, ಮನುಷ್ಯನಾದವನಿಗೆ ಮಾತ್ರ ಬಣ್ಣ. 1993ರ 'ಶಿಂಡ್ಲರ್ಸ್ ಲಿಸ್ಟ್'ನಲ್ಲಿ ಬೂದು ಜನಸಂದಣಿಯ ನಡುವೆ ಒಂದು ಪುಟ್ಟ ಹುಡುಗಿಯ ಕೋಟು ಮಾತ್ರ ಕೆಂಪು. ಸಾವಿರಾರು ಜನರಲ್ಲಿ ಒಂದು ಮಗುವನ್ನು ನೀವು ಹಿಂಬಾಲಿಸುತ್ತೀರಿ. ಆಮೇಲೆ ಅದೇ ಕೆಂಪು ಹೆಣಗಳ ಗಾಡಿಯಲ್ಲಿ ಕಾಣುತ್ತದೆ. ನಾನು ಆ ಚಿತ್ರವನ್ನು ಮತ್ತೆ ನೋಡಿಲ್ಲ, ಆಗುವುದಿಲ್ಲ.

ಪ್ರಶ್ನೆ: ಆಂಟೀ, ನಾವು ಫ್ರೆಂಡ್ಸ್ ಸೇರಿ ಮೊಬೈಲ್‌ನಲ್ಲಿ ಹತ್ತು ನಿಮಿಷದ ಸಿನಿಮಾ ಮಾಡ್ತಿದ್ದೀವಿ. ಅಜ್ಜಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಂದು ದಿನ. ಕಪ್ಪು ಬಿಳುಪಿನಲ್ಲಿ ಮಾಡೋಣ ಅಂತ. ಕಲರ್‌ನಲ್ಲಿ ತೆಗೆದು ಆಮೇಲೆ ಬದಲಿಸಿದರೆ ಸಾಕಾ? ಎಲ್ಲರಿಗೂ ಬಿಳಿ ಬಟ್ಟೆ ಹಾಕಿಸಬೇಕಾ?
— ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ

ಮೊದಲು ಬಟ್ಟೆ ವಿಷಯ ತಮ್ಮಾ. ನಮ್ಮ ಊರುಗಳಲ್ಲಿ ಸಾವಿನ ಮನೆಗೆ ಯಾರು ಬಿಳಿ ಬಟ್ಟೆ ಹುಡುಕಿ ಹಾಕಿಕೊಂಡು ಬರುತ್ತಾರೆ? ಸುದ್ದಿ ತಿಳಿದ ಕೂಡಲೇ ಉಟ್ಟ ಬಟ್ಟೆಯಲ್ಲೇ ಓಡಿ ಬರುತ್ತಾರೆ. ಗದ್ದೆಯಿಂದ, ಅಂಗಡಿಯಿಂದ, ಬಸ್ಸಿನಿಂದ. ಎಲ್ಲರೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ನಿಲ್ಲುವುದು ಹಿಂದಿ ಸಿನಿಮಾದ್ದು. ಹೂವಿನ ಸೀರೆ, ಚೌಕಳಿ ಲುಂಗಿ ಎಲ್ಲ ಇರಲಿ. ಬಿಳಿ ಒಂದೇ ಕಡೆ ಇಟ್ಟುಕೊಳ್ಳಿ. ಅಜ್ಜಿಯ ಹಾಸಿಗೆಯ ಮೇಲಿನ ಬಟ್ಟೆಯೋ, ಅವರು ಕುಡಿಯುತ್ತಿದ್ದ ಕಾಫಿ ಲೋಟವೋ. ನೋಡುವವರಿಗೆ ಅದರ ಅರ್ಥ ನೀವು ಹೇಳಬೇಕಾಗಿಲ್ಲ.

ಕಲರ್‌ನಲ್ಲಿ ತೆಗೆದು ಬದಲಿಸಬಹುದು. ಆದರೆ ತೆಗೆಯುವಾಗಲೇ ಮೊಬೈಲ್ ಪರದೆಯನ್ನು ಕಪ್ಪು ಬಿಳುಪಿಗೆ ಇಟ್ಟುಕೊಂಡು ನೋಡಿ. ಹಸಿರು ಗೋಡೆಯ ಮುಂದೆ ಕೆಂಪು ಸೀರೆ ನಿಲ್ಲಿಸಿದರೆ ಮನುಷ್ಯರು ಗೋಡೆಯಲ್ಲಿ ಕರಗಿಹೋಗಬಹುದು. ಬಟ್ಟೆಗಳನ್ನೆಲ್ಲ ಮೊದಲೇ ಸಾಲಾಗಿ ಹರಡಿ ಒಂದು ಫೋಟೋ ತೆಗೆದು ಬದಲಿಸಿ ನೋಡಿ, ಗೊತ್ತಾಗುತ್ತದೆ.

ದೀಪಕ್ಕೆ ದುಡ್ಡಿಲ್ಲ ಎನ್ನಬೇಡ. ಮೈಸೂರಿನವರಾದ ವಿ.ಕೆ. ಮೂರ್ತಿ 1959ರ ಹಿಂದಿ ಚಿತ್ರ 'ಕಾಗಜ್ ಕೆ ಫೂಲ್'ನಲ್ಲಿ ತೆಗೆದ ಆ ಹೆಸರಾಂತ ಬೆಳಕಿನ ಕೋಲು ದೀಪದ್ದಲ್ಲ. ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋ ಒಳಗೆ ತಂದದ್ದು. ಅವರು ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಓದಿದವರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ನಿಮ್ಮ ಮನೆಯ ಬೀರು ಕನ್ನಡಿ ಬಿಚ್ಚಿ ಅಂಗಳದಲ್ಲಿಡಿ. ಊದುಬತ್ತಿಯ ಹೊಗೆ ಇದ್ದರೆ ಬೆಳಕಿನ ಕೋಲು ಕಾಣುತ್ತದೆ. ಸಾವಿನ ಮನೆಯಲ್ಲಿ ಊದುಬತ್ತಿ ಹೇಗೂ ಇರುತ್ತದೆ. ಬೆಳಕು ಮೆತ್ತಗಿರಬೇಕೆಂದರೆ ಬಿಳಿ ಪಂಚೆ ಸಾಕು. 1956ರ ಬಂಗಾಳಿ ಚಿತ್ರ 'ಅಪರಾಜಿತೋ'ಗೆ ಛಾಯಾಗ್ರಾಹಕ ಸುಬ್ರತ ಮಿತ್ರ ಬನಾರಸಿನ ಮನೆಯ ಅಂಗಳದ ಸೆಟ್ ಮೇಲೆ ಬಟ್ಟೆ ಕಟ್ಟಿ, ಕೆಳಗಿನಿಂದ ದೀಪ ಹಾಯಿಸಿ ಆಕಾಶದ ಬೆಳಕು ತಂದರು.

ಮಳೆ ತೋರಿಸುವ ಆಸೆ ಇದ್ದರೆ ಇದನ್ನು ನೆನಪಿಡು. ಕ್ಯಾಮೆರಾ ಕಡೆಯಿಂದ ಬೀಳುವ ಬೆಳಕಿನಲ್ಲಿ ಮಳೆ ಹನಿ ಸರಿಯಾಗಿ ಕಾಣುವುದಿಲ್ಲ. ಹಿಂದಿನಿಂದ ಬೆಳಕು ಬರಬೇಕು, ಅದರ ಹಿಂದೆ ಕಪ್ಪು ಇರಬೇಕು. ಸೂರಿನ ನೀರನ್ನು ಕತ್ತಲೆ ಕೊಟ್ಟಿಗೆಯ ಬಾಗಿಲಿಗೆ ಎದುರಾಗಿ ತೆಗೆಯಿರಿ. ಕೊ‌ಟ್ಟಿಗೆ ಒಳಗೆ ಕ್ಯಾಮೆರಾ ಬೇಡ, ಅಂಗಳದಲ್ಲಿ ನಿಲ್ಲು, ಟಾರ್ಚನ್ನು ಪಕ್ಕದ ಗೋಡೆಯ ಮರೆಯಲ್ಲಿಟ್ಟು, ಹನಿಗಳ ಹಿಂದಿನಿಂದ ಬೆಳಕು ಬೀಳುವಂತೆ ಹಿಡಿಸು. ಕಾಫಿ ತೋಟದಲ್ಲಿ ಒಂದು ಶಾಟ್ ಬೇಕಿದ್ದರೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಹೋಗು. ಕಪ್ಪು ಹಸಿರು ಎಲೆಯ ಮೇಲೆ ಅಷ್ಟು ಬಿಳಿ ಬೇರೆ ಯಾವಾಗಲೂ ಸಿಗುವುದಿಲ್ಲ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ, ತಡ ಮಾಡಬೇಡ. ತೋಟದ ಯಜಮಾನರನ್ನು ಮೊದಲೇ ಕೇಳಿಕೊಂಡು ಹೋಗು.